75 ಮೈಕ್ರಾನ್ ಅಂದರೆ ಯಾವ 75?

ಗಾಳಿಯ ರಭಸದಲ್ಲಿ ಚೂಪಾದ ಉಕ್ಕಿನ ಕಣ, ಅಂದರೆ ಗ್ರಿಟ್, ಹೊಡೆಯುವ ಬ್ಲಾಸ್ಟಿಂಗ್ ಮುಗಿದ ಪೈಪಿನ ಮೇಲಿನ ಕಂದು ತುಕ್ಕು, ಉಕ್ಕು ಕಾಯಿಸಿ ತಟ್ಟುವಾಗ ಬಂದ ನೀಲಿಗಪ್ಪು ಪೊರೆ (ಮಿಲ್ ಸ್ಕೇಲ್) ಎಲ್ಲ ಹಾರಿಹೋಗಿ, ಹೊಳಪಿಲ್ಲದ ಬೂದುಬಣ್ಣದ ಬರಿ ಉಕ್ಕು ಉಳಿದಿರುತ್ತದೆ. "ಸಾರ್, ಬೆಳ್ಳಗಾಯ್ತು, ಪ್ರೈಮರ್ ಹೊಡೀಬಹುದಾ?" ಎಂದು ಬ್ಲಾಸ್ಟರ್ ಹೆಲ್ಮೆಟ್ ತೆಗೆಯುತ್ತಲೇ ಕೇಳುತ್ತಾನೆ. ಬೆಳ್ಳಗಾಗಿದೆ ಅನ್ನುವುದು ಶುದ್ಧಿಯ ಲೆಕ್ಕ. ಬಣ್ಣ ಕಚ್ಚಿಕೊಳ್ಳುತ್ತದೆಯೇ ಅನ್ನುವುದು ತರಿಯ ಲೆಕ್ಕ. ಎಸ್‌ಎ ಎರಡೂವರೆಗೆ (ಇದು ಶುದ್ಧಿಯ ಒಂದು ದರ್ಜೆ) ಸರಿಯಾಗಿ ಬಂದ ಪೈಪಿನಲ್ಲೂ ತರಿ 30 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಇರಬಹುದು, 120 ಕೂಡ ಇರಬಹುದು. ಕಣ್ಣಿಗೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ.

ಗಾರೆ ಕೆಲಸದವರು ನುಣುಪಾದ ಕಾಂಕ್ರೀಟ್ ಕಂಬಕ್ಕೆ ಪ್ಲಾಸ್ಟರ್ ಮಾಡುವ ಮುಂಚೆ ಕಚ್ಚು ಹೊಡೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಕ್ಕಿನ ಮೇಲೆ ಆ ಕಚ್ಚು ಮಿಲಿಮೀಟರಿನ ನೂರನೇ ಕೆಲವು ಭಾಗದಷ್ಟಿರುತ್ತದೆ, ಅಷ್ಟೆ. ಅದನ್ನು ನಾವು ಪ್ರೊಫೈಲ್ ಅನ್ನುತ್ತೇವೆ. ಹಳಬರು ಆಂಕರ್ ಪ್ಯಾಟರ್ನ್ ಅಂತಲೂ ಹೇಳುತ್ತಾರೆ.

ಇಲ್ಲಿ ಬರೆಯುತ್ತಿರುವುದು ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿ ಕಡೆಯ ಶೆಡ್ಡೊಂದರಲ್ಲಿ ನೀರಿನ ಪೈಪುಗಳಿಗೆ ಈ ಅಳತೆ ನಡೆಯುವ ರೀತಿಯನ್ನು. ಪೈಪಿನ ವ್ಯಾಸ 1.2 ಮೀಟರ್, ಉದ್ದ 6 ಮೀಟರ್, ತಗಡಿನ ದಪ್ಪ 10 ಮಿ.ಮೀ. ಹೊರಮೈಗೆ ಝಿಂಕ್ ರಿಚ್ ಎಪಾಕ್ಸಿ ಪ್ರೈಮರ್ 60 ಮೈಕ್ರಾನ್, ಅದರ ಮೇಲೆ ಎಪಾಕ್ಸಿ, ಕೊನೆಗೆ ಪಾಲಿಯುರೆಥೇನ್. ಒಳಮೈಗೆ ಸಾಲ್ವೆಂಟ್ ಇಲ್ಲದ ದಪ್ಪ ಎಪಾಕ್ಸಿ, 500 ಮೈಕ್ರಾನ್. ಸ್ಪೆಸಿಫಿಕೇಶನ್ ಪ್ರಕಾರ ಹೊರಗೆ 50ರಿಂದ 75 ಪ್ರೊಫೈಲ್ ಬೇಕು, ಒಳಗೆ 75ರಿಂದ 100. ಒಂದೇ ಪೈಪಿಗೆ ಎರಡು ಪ್ರೊಫೈಲ್ ಯಾಕೆ ಎಂದು ಹೊಸಬರು ಕೇಳುತ್ತಾರೆ. ದಪ್ಪ ಲೇಪ ಒಣಗುವಾಗ, ಬಿಸಿ–ತಂಪಿಗೆ ಹಿಗ್ಗಿ ಕುಗ್ಗುವಾಗ ತನ್ನನ್ನೇ ತಾನು ಎಳೆದುಕೊಳ್ಳುತ್ತದೆ, ಅದಕ್ಕೆ ಆಳವಾದ ಹಿಡಿತ ಬೇಕು. 60 ಮೈಕ್ರಾನಿನ ತೆಳು ಪ್ರೈಮರಿಗೆ ಅಷ್ಟು ಆಳ ಕೊಟ್ಟರೆ ಉಕ್ಕಿನ ಮೊನೆಗಳು ಬಣ್ಣದಿಂದ ತಲೆ ಹೊರಗಿಡುತ್ತವೆ. ಮೊದಲ ಮಳೆಗಾಲದಲ್ಲೇ ಆ ಮೊನೆಗಳ ಮೇಲೆ ಸಾಸಿವೆ ಚೆಲ್ಲಿದ ಹಾಗೆ ತುಕ್ಕಿನ ಚುಕ್ಕೆ ಏಳುತ್ತದೆ.

ಅಳತೆ ಶುರುವಾಗುವುದು ಬ್ಲಾಸ್ಟಿಂಗ್ ಮುಗಿದ ಮೇಲಲ್ಲ, ಕಂಪ್ರೆಸರ್ ಚಾಲೂ ಮಾಡುವಾಗಲೇ. ಮಲೆನಾಡಿನಲ್ಲಿ ಇದನ್ನು ಇನ್ನಷ್ಟು ಗಟ್ಟಿಯಾಗಿ ಹೇಳಬೇಕು. 9.5 ಮಿ.ಮೀ. ನಾಝಲ್ ಒಂದಕ್ಕೆ 7 ಬಾರ್ ಒತ್ತಡದಲ್ಲಿ ಸುಮಾರು 200 ಸಿಎಫ್‌ಎಂ ಗಾಳಿ ಬೇಕು, ಅಂದರೆ ನಿಮಿಷಕ್ಕೆ ಐದೂವರೆ ಘನ ಮೀಟರಿಗಿಂತ ತುಸು ಹೆಚ್ಚು. 25 ಡಿಗ್ರಿ, ಶೇಕಡಾ 85 ತೇವಾಂಶದ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 20 ಗ್ರಾಂ ನೀರಿನ ಆವಿ ಇರುತ್ತದೆ. ಅದನ್ನು ಒತ್ತಿ ಮತ್ತೆ 35 ಡಿಗ್ರಿಗೆ ತಣಿಸಿದರೆ ಅದರಲ್ಲಿ ಮುಕ್ಕಾಲು ಭಾಗ ನೀರಾಗಿ ಇಳಿಯುತ್ತದೆ. ಲೆಕ್ಕ ಹಾಕಿದರೆ ಗಂಟೆಗೆ ಹತ್ತಿರ ಹತ್ತಿರ 5 ಲೀಟರ್. ಈ ನೀರನ್ನು ಆಫ್ಟರ್‌ಕೂಲರ್ ಮತ್ತು ಸೆಪರೇಟರ್ ಹಿಡಿದು ಹೊರಗೆ ಹಾಕದಿದ್ದರೆ ಅದು ಸೀದಾ ಗ್ರಿಟ್ ತುಂಬಿದ ಪಾಟಿಗೆ ಹೋಗಿ ಗ್ರಿಟ್ಟನ್ನು ಮುದ್ದೆಗಟ್ಟಿಸುತ್ತದೆ, ಇಲ್ಲವೇ ಬ್ಲಾಸ್ಟ್ ಆದ ಉಕ್ಕಿನ ಮೇಲೇ ಹೋಗಿ ಕೂರುತ್ತದೆ. ಆದ್ದರಿಂದ ಪ್ರತಿ ಶಿಫ್ಟಿಗೆ ಮುಂಚೆ ಗ್ರಿಟ್ ನಿಲ್ಲಿಸಿ, ಬರೀ ಗಾಳಿ ಬಿಟ್ಟು, ನಾಝಲ್ ಎದುರು ಬಿಳಿ ಬ್ಲಾಟಿಂಗ್ ಕಾಗದ ಒಂದು ನಿಮಿಷ ಹಿಡಿಯುತ್ತೇವೆ. ಕಾಗದದ ಮೇಲೆ ನೀರಿನ ಅಥವಾ ಎಣ್ಣೆಯ ಒಂದು ಚುಕ್ಕೆ ಬಿದ್ದರೂ ಕೆಲಸ ಶುರುವಿಲ್ಲ.

ಒತ್ತಡವನ್ನು ಕಂಪ್ರೆಸರಿನ ಮೀಟರಿನಲ್ಲಿ ನೋಡಿ ನಂಬಬಾರದು. ಅಲ್ಲಿ 7.5 ತೋರಿಸುತ್ತಿದ್ದರೂ ಹೋಸಿನ ಉದ್ದ, ಕಪ್ಲಿಂಗು, ಬಾಗು ದಾಟಿ ನಾಝಲ್ ತಲುಪುವ ಹೊತ್ತಿಗೆ 5.5 ಆಗಿರುತ್ತದೆ. ಇಂಜೆಕ್ಷನ್ ಸೂಜಿಯಂಥದ್ದು ಇರುವ ನೀಡಲ್ ಗೇಜನ್ನು, ಗ್ರಿಟ್ ಹರಿಯುತ್ತಿರುವಾಗಲೇ, ನಾಝಲ್ಲಿನ ಹಿಂದೆಯೇ ಹೋಸಿಗೆ ಚುಚ್ಚಿ ನೋಡಬೇಕು. ಸೂಜಿಯ ಮೊನೆ ಗಾಳಿ ಹರಿಯುವ ದಿಕ್ಕಿಗೆ ಓರೆಯಾಗಿರಲಿ, ಎದುರಾಗಿ ಚುಚ್ಚಿದರೆ ಗ್ರಿಟ್ ಹೊಕ್ಕು ತೂತು ಕಟ್ಟಿಕೊಳ್ಳುತ್ತದೆ. ನಾಝಲ್ ಕೂಡ ಸವೆಯುತ್ತದೆ. 9.5 ಇದ್ದ ಬಾಯಿ 11 ಮಿ.ಮೀ. ಆದರೆ ಅದೇ ಒತ್ತಡಕ್ಕೆ ಮೂರನೇ ಒಂದು ಭಾಗ ಹೆಚ್ಚು ಗಾಳಿ ಬೇಕಾಗುತ್ತದೆ. ಕಂಪ್ರೆಸರಿಗೆ ಅಷ್ಟು ಕೊಡಲಾಗದೆ ಒತ್ತಡ ಬೀಳುತ್ತದೆ, ಜೊತೆಗೆ ಪ್ರೊಫೈಲೂ ಬೀಳುತ್ತದೆ. ಬೆಳಿಗ್ಗೆ 80 ಬಂದ ಪ್ರೊಫೈಲ್ ಸಂಜೆ 60ಕ್ಕೆ ಇಳಿದರೆ ಮೊದಲು ಗ್ರಿಟ್ಟನ್ನು ಬೈಯುವುದು ವಾಡಿಕೆ. ನಾವು ಮೊದಲು ನಾಝಲ್ಲಿಗೆ ಗೇಜ್ ಹಾಕಿ ನೋಡುತ್ತೇವೆ.

ಗ್ರಿಟ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಪ್ರೊಫೈಲಿನ ಆಳವೂ ಆಕಾರವೂ ಇದರ ಕೈಯಲ್ಲಿವೆ. ಸ್ಟೀಲ್ ಗ್ರಿಟ್‌ನಲ್ಲಿ ನಂಬರ್ ದೊಡ್ಡದಾದಷ್ಟು ಕಣ ಸಣ್ಣದು. ಜಿ-40 ಅಂದರೆ ಸುಮಾರು 0.4 ಮಿ.ಮೀ., ಜಿ-25 ಅಂದರೆ ಸುಮಾರು 0.7 ಮಿ.ಮೀ. ನಮ್ಮ ಹೊರಮೈಗೆ ಜಿ-40 ಸಾಕು, ಒಳಮೈಗೆ ಜಿ-25 ಬೇಕು. ಹೊಸ ಗ್ರಿಟ್ಟನ್ನು ಒಂದೇ ಸಲ ಮೂಟೆಗಟ್ಟಲೆ ಸುರಿದರೆ ಆ ದಿನ ಎಲ್ಲವೂ ದಪ್ಪ ಕಣವೇ ಆಗಿ ಪ್ರೊಫೈಲ್ ಏರಿಬಿಡುತ್ತದೆ, ಮೊನೆಗಳೂ ವಿರಳವಾಗಿರುತ್ತವೆ. ಬಳಸಿ ಒಡೆದ ಸಣ್ಣ ಕಣ, ಅರ್ಧ ಸವೆದದ್ದು, ಹೊಸದು ಮೂರೂ ಬೆರೆತ ಮಿಶ್ರಣವೇ ಒಳ್ಳೆಯ ಕೆಲಸ ಮಾಡುವುದು: ದಪ್ಪ ಕಣ ಆಳ ತೆಗೆಯುತ್ತದೆ, ಸಣ್ಣದು ಸಂದಿಗಳನ್ನು ಗುಡಿಸುತ್ತದೆ. ಹಾಗಾಗಿ ದಿನ ದಿನ ಎಷ್ಟು ಧೂಳಾಗಿ ಹೋಗುತ್ತದೋ ಅಷ್ಟನ್ನೇ ಸೇರಿಸುತ್ತ ಹೋಗಬೇಕು. ಗಡಸುತನವನ್ನೂ ಕೇಳಿ ತರಿಸಬೇಕು. ಜಿಪಿ ದರ್ಜೆಯ ಮೆತ್ತನೆ ಗ್ರಿಟ್ ತಿರುಗಿ ತಿರುಗಿ ಬಳಸುವಾಗ ಮೂಲೆ ಸವೆದು ಗುಂಡಗಾಗಿ, ಕೊನೆಗೆ ಶಾಟ್ (ಗುಂಡನೆಯ ಉಕ್ಕಿನ ಕಣ) ಥರವೇ ಆಗುತ್ತದೆ. ಜಿಎಲ್, ಜಿಎಚ್ ಹೆಚ್ಚು ಹೊತ್ತು ಚೂಪು ಉಳಿಸಿಕೊಳ್ಳುತ್ತವೆ.

ಅಗ್ಗವೆಂದು ಹೊಳೆಯ ಮರಳು ಹಾಕಿ ಒಣ ಬ್ಲಾಸ್ಟಿಂಗ್ ಮಾಡುವವರು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಮರಳಿನ ಸಿಲಿಕಾ ಪುಡಿ ಎದೆಗೂಡಿಗೆ ಇಳಿದು ಸಿಲಿಕೋಸಿಸ್ ತರುತ್ತದೆ, ಬಂದ ಮೇಲೆ ಅದು ವಾಸಿಯಾಗುವ ಕಾಯಿಲೆಯಲ್ಲ. ಸ್ಟೀಲ್ ಗ್ರಿಟ್ ಆಗದಿದ್ದರೆ ಗಾರ್ನೆಟ್ ಇದೆ, ತಾಮ್ರದ ಸ್ಲ್ಯಾಗ್ ಇದೆ. ಅವಕ್ಕೂ ಗಾಳಿ ಪೂರೈಸುವ ಹೆಲ್ಮೆಟ್ ಬೇಕೇ ಬೇಕು.

ಬ್ಲಾಸ್ಟಿಂಗಿಗೆ ಮುಂಚಿನ ತಯಾರಿ ಎಲ್ಲರಿಗೂ ಗೊತ್ತಿರುವುದೇ: ಎಣ್ಣೆ ಕಲೆಯನ್ನು ಸಾಲ್ವೆಂಟ್‌ನಿಂದ ಒರೆಸಿ ತೆಗೆಯುವುದು, ವೆಲ್ಡಿಂಗ್ ಸಿಡಿಗಳನ್ನು ಕೆತ್ತುವುದು, ಚೂಪು ಅಂಚನ್ನು 2 ಮಿ.ಮೀ. ತ್ರಿಜ್ಯಕ್ಕೆ ಉರುಟು ಮಾಡುವುದು. ಇದರಲ್ಲಿ ಜನ ಬಿಡುವುದು ಒಂದನ್ನೇ. ಗ್ಯಾಸ್ ಕಟಿಂಗ್ ಮಾಡಿದ ಅಂಚು ಬೆಂಕಿಗೆ ಕಾದು ಗಡಸಾಗಿರುತ್ತದೆ, ಅದರ ಮೇಲೆ ಗ್ರಿಟ್ ಜಾರುತ್ತದೆ. ಆ ಪದರವನ್ನು ಗ್ರೈಂಡ್ ಮಾಡಿ ತೆಗೆಯದಿದ್ದರೆ ಪೈಪಿನ ಮೈಯಲ್ಲಿ 85 ಬಂದರೂ ಅಂಚಿನಲ್ಲಿ 40 ದಾಟುವುದಿಲ್ಲ. ಬಣ್ಣ ಮೊದಲು ಎದ್ದು ಬರುವುದು ಆ ಅಂಚಿನಲ್ಲೇ.

ಬ್ಲಾಸ್ಟಿಂಗ್ ಮುಗಿಯಿತು. ಈಗ ಮೈ ಮೇಲಿನ ಧೂಳು ತೆಗೆಯಬೇಕು. ಒಣ ಗಾಳಿ, ಮೆತ್ತನೆ ಕೂದಲಿನ ಬ್ರಷ್, ಸಾಧ್ಯವಾದರೆ ವ್ಯಾಕ್ಯೂಮ್. ವೈರ್ ಬ್ರಷ್ ಮುಟ್ಟಿಸಬೇಡಿ, ಅದು ಮೊನೆಗಳನ್ನು ಉಜ್ಜಿ ನುಣುಪು ಮಾಡುತ್ತದೆ. ಬಟ್ಟೆಯಲ್ಲಿ ಒರೆಸಿದರೆ ನೂಲಿನ ಎಳೆ ಪ್ರತಿ ಮೊನೆಗೂ ಸಿಕ್ಕಿಕೊಳ್ಳುತ್ತದೆ. ಬರಿಗೈ ಇಟ್ಟರೆ ಬೆವರಿನ ಉಪ್ಪು ಅಲ್ಲೇ ಉಳಿದು, ಮರುದಿನ ಅಂಗೈಯ ಅಚ್ಚು ತುಕ್ಕಿನಲ್ಲಿ ಮೂಡಿರುತ್ತದೆ. ಗ್ಲೌಸ್ ಹಾಕಿಕೊಳ್ಳದೆ ಪೈಪನ್ನು ತಟ್ಟಿ ನೋಡುವ ಅಭ್ಯಾಸ ಮೇಲ್ವಿಚಾರಕರಿಗೇ ಜಾಸ್ತಿ.

ಮೊದಲ ನೋಟಕ್ಕೆ ಕಂಪ್ಯಾರೇಟರ್. ಐಎಸ್‌ಒ 8503ರ ಈ ಉಕ್ಕಿನ ಬಿಲ್ಲೆಯಲ್ಲಿ ನಾಲ್ಕು ಭಾಗಗಳಿವೆ, ನಡುವೆ ಒಂದು ತೂತು. ಗ್ರಿಟ್ಟಿನ ಬಿಲ್ಲೆಯ ಮೇಲೆ ಜಿ ಅಕ್ಷರ, ಅದರ ಭಾಗಗಳು 25, 60, 100, 150 ಮೈಕ್ರಾನ್. ಶಾಟ್ ಬಿಲ್ಲೆಯ ಮೇಲೆ ಎಸ್, ಅದರಲ್ಲಿ 25, 40, 70, 100. ಮೊದಲ ಎರಡರ ನಡುವೆ ಬಿದ್ದರೆ ಫೈನ್, ಎರಡು–ಮೂರರ ನಡುವೆ ಮೀಡಿಯಂ, ಮೂರು–ನಾಲ್ಕರ ನಡುವೆ ಕೋರ್ಸ್. ಬಿಲ್ಲೆಯನ್ನು ಪೈಪಿನ ಮೇಲಿಟ್ಟು, ತೂತಿನಲ್ಲಿ ಕಾಣುವ ಮೈಯನ್ನು ಸುತ್ತಲಿನ ಭಾಗಗಳ ಜೊತೆ ಹೋಲಿಸಬೇಕು. ಬೆಳಕು ಓರೆಯಾಗಿ ಬೀಳಲಿ, ಬೇಕಿದ್ದರೆ 7 ಪಟ್ಟಿನ ಭೂತಗನ್ನಡಿ ಹಿಡಿಯಿರಿ. ಕಣ್ಣು ತೀರ್ಮಾನಿಸದಿದ್ದರೆ ಉಗುರಿನ ತುದಿಯನ್ನು ಮೊದಲು ಬಿಲ್ಲೆಯ ಮೇಲೆ, ಆಮೇಲೆ ಪೈಪಿನ ಮೇಲೆ ಎಳೆದು ನೋಡಿ. ಉಗುರಿಗೆ ಸಿಗುವ ತಡೆ ಹೆಚ್ಚಿನ ಸಲ ಸರಿಯಾಗಿಯೇ ಹೇಳುತ್ತದೆ. ಜಿ ಬಿಲ್ಲೆಯ ಬದಲು ಎಸ್ ಬಿಲ್ಲೆ ಹಿಡಿದರೆ ಮಾತ್ರ ಇಡೀ ಹೋಲಿಕೆ ಹಾಳು. ಗ್ರಿಟ್ಟಿನ ಮೈ ಮುರಿದ ಕಲ್ಲಿನಂತೆ ಮೂಲೆ ಮೂಲೆಯಾಗಿರುತ್ತದೆ, ಶಾಟಿನ ಮೈ ಮಳೆಹನಿ ಬಿದ್ದ ಕೆಸರಿನಂತೆ ಬಟ್ಟಲು ಬಟ್ಟಲಾಗಿರುತ್ತದೆ.

ಸಂಖ್ಯೆ ಬೇಕಾದಾಗ ಟೇಪ್. ಇದನ್ನು ರೆಪ್ಲಿಕಾ ಟೇಪ್ ಅನ್ನುತ್ತಾರೆ, ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ಟೆಸ್ಟೆಕ್ಸ್. ಅಂಚೆಚೀಟಿಗಿಂತ ತುಸು ದೊಡ್ಡದಾದ ತುಂಡು, ನಡುವೆ ಬೆರಳ ತುದಿಯಷ್ಟು ಬಿಳಿ ಕಿಟಕಿ. ಕಿಟಕಿಯಲ್ಲಿರುವುದು 50 ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಹಾಳೆ, ಅದರ ಕೆಳಗೆ ಬಲು ಸಣ್ಣ ರಂಧ್ರಗಳ ಫೋಮ್. ಒತ್ತಿದರೆ ಆ ಫೋಮ್ ಕುಸಿಯುತ್ತದೆ, ಆಮೇಲೆ ಮೇಲೇಳುವುದಿಲ್ಲ. ಈ ಗುಣದ ಮೇಲೆಯೇ ಇಡೀ ಅಳತೆ ನಿಂತಿದೆ. ಉಕ್ಕಿನ ಮೊನೆ ಇದ್ದಲ್ಲಿ ಫೋಮ್ ಪೂರ್ತಿ ಅಮರುತ್ತದೆ, ತಗ್ಗು ಇದ್ದಲ್ಲಿ ತಗ್ಗನ್ನು ತುಂಬಿ ನಿಲ್ಲುತ್ತದೆ. ಹಾಗೆ ಅದು ಪ್ರೊಫೈಲಿನ ತಲೆಕೆಳಗಾದ ಅಚ್ಚಾಗುತ್ತದೆ.

ಹಿಂದಿನ ಕಾಗದ ಸುಲಿದು, ಕಿಟಕಿ ಅಳೆಯಬೇಕಾದ ಜಾಗದ ಮೇಲೆ ಬರುವಂತೆ ಅಂಟಿಸಿ, ತುದಿ ಉರುಟಾದ ಪ್ಲಾಸ್ಟಿಕ್ ಕಡ್ಡಿಯಿಂದ ಕಿಟಕಿಯನ್ನು ತಿಕ್ಕಬೇಕು. ಮೊದಲ ಹತ್ತು ಸೆಕೆಂಡಿನಲ್ಲಿ ಬಿಳಿ ನಡುವೆ ಬೂದು ಚುಕ್ಕೆ ಕಾಣಿಸುತ್ತದೆ, ಅವು ಎತ್ತರದ ಮೊನೆಗಳು. ತಿಕ್ಕುತ್ತ ಹೋದಂತೆ ಚುಕ್ಕೆ ಒತ್ತೊತ್ತಾಗುತ್ತದೆ, ಬಿಳಿ ದ್ವೀಪಗಳು ಕರಗುತ್ತವೆ. ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಕಿಟಕಿಯ ಅಂಚಿನ ತನಕ ಒಂದೇ ಸಮನಾದ, ರವೆ ಚೆಲ್ಲಿದಂಥ ಬೂದುಬಣ್ಣ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅಂಚಿನಲ್ಲಿ ಬಿಳಿ ಉಳಿದಿದ್ದರೆ ಅಲ್ಲಿ ಫೋಮ್ ಪೂರ್ತಿ ಕುಸಿದಿಲ್ಲ ಎಂದರ್ಥ, ಅಳತೆ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಹೊಸ ಕೈಗಳ ತಪ್ಪು ಸಾಮಾನ್ಯವಾಗಿ ಇದೇ: ನಡುವೆ ಚೆನ್ನಾಗಿ ತಿಕ್ಕಿ ಅಂಚು ಬಿಡುವುದು. ಬ್ಯಾಟರಿ ಬೆಳಕನ್ನು ಓರೆಯಾಗಿ ಹಿಡಿದರೆ ಬಿಳಿ ಉಳಿದದ್ದು ತಟ್ಟನೆ ಕಾಣುತ್ತದೆ.

ಟೇಪ್ ಕಿತ್ತು ಸ್ಪ್ರಿಂಗ್ ಮೈಕ್ರೋಮೀಟರಿನ ದವಡೆಗಳ ನಡುವೆ ಇಡಬೇಕು. ಇದಕ್ಕೆ ಬೇರೆಯೇ ಮೈಕ್ರೋಮೀಟರ್ ಇದೆ, ದವಡೆ ಹಗುರಾಗಿ ಮುಚ್ಚಿಕೊಳ್ಳುತ್ತದೆ. ಮಷಿನ್ ಶಾಪಿನ ಸ್ಕ್ರೂ ಮೈಕ್ರೋಮೀಟರ್ ತಂದು ಬಿಗಿ ಮಾಡಿದರೆ ಅಚ್ಚೇ ಜಜ್ಜಿಹೋಗುತ್ತದೆ. ಅಂಟು ಇರುವ ಭಾಗ ದವಡೆಗೆ ತಾಗದೆ ಕಿಟಕಿ ಮಾತ್ರ ನಡುವೆ ಬರಲಿ. ಬಂದ ಅಂಕಿಯಿಂದ ಪಾಲಿಯೆಸ್ಟರಿನ 50 ಕಳೆಯಬೇಕು. ಪೈಪಿನ ಒಳಮೈಯಲ್ಲಿ ಎರಡು ಟೇಪಿನಲ್ಲಿ 136, 140 ಬಂದರೆ ಪ್ರೊಫೈಲ್ 86, 90, ಸರಾಸರಿ 88. ಕೆಲವರು ಮೈಕ್ರೋಮೀಟರನ್ನು ಮೊದಲೇ ಮೈನಸ್ 50ಕ್ಕೆ ಇಟ್ಟುಕೊಂಡಿರುತ್ತಾರೆ. ಅದು ಗೊತ್ತಿಲ್ಲದೆ ಇನ್ನೊಬ್ಬರು ಮತ್ತೆ 50 ಕಳೆದರೆ ಒಳ್ಳೆಯ ಪೈಪು 38 ಎಂದು ಫೇಲಾಗುತ್ತದೆ. ಹಾಗಾಗಿ ರಿಜಿಸ್ಟರಿನಲ್ಲಿ ಓದಿದ ಅಂಕಿ ಒಂದು ಕಾಲಮ್ಮು, ಕಳೆದ ಮೇಲಿನದು ಇನ್ನೊಂದು ಕಾಲಮ್ಮು.

ಟೇಪಿನಲ್ಲೂ ದರ್ಜೆಗಳಿವೆ. ಕೋರ್ಸ್ 20ರಿಂದ 64ರ ತನಕ, ಎಕ್ಸ್-ಕೋರ್ಸ್ 38ರಿಂದ 115ರ ತನಕ. ಒಳಮೈಗೆ ಎಕ್ಸ್-ಕೋರ್ಸ್ ಅಂತ ಕಣ್ಣುಮುಚ್ಚಿ ಹೇಳಬಹುದು. ತೊಂದರೆ ಹೊರಮೈಯದು, ಅಲ್ಲಿ ಅಳತೆ ಎರಡೂ ದರ್ಜೆಗಳ ಗಡಿಯಲ್ಲೇ ಬಂದು ಬೀಳುತ್ತದೆ. ಕೋರ್ಸ್ ಟೇಪ್ ತನ್ನ ಮೇಲಿನ ತುದಿಯಲ್ಲಿ ಕಮ್ಮಿ ಹೇಳುತ್ತದೆ, ಎಕ್ಸ್-ಕೋರ್ಸ್ ತನ್ನ ಕೆಳತುದಿಯಲ್ಲಿ ಹೆಚ್ಚು ಹೇಳುತ್ತದೆ. ಆದ್ದರಿಂದ ಕೋರ್ಸ್ ಟೇಪ್ 38ರಿಂದ 64ರೊಳಗೆ ತೋರಿಸಿದರೆ ಪಕ್ಕದಲ್ಲೇ ಎಕ್ಸ್-ಕೋರ್ಸ್ ಕೂಡ ಹಾಕಬೇಕು. ಅದೂ 38–64ರೊಳಗೆ ಬಂದರೆ ಎರಡರ ಸರಾಸರಿ: 56 ಮತ್ತು 62 ಬಂದರೆ 59. ಎಕ್ಸ್-ಕೋರ್ಸ್ 70 ತೋರಿಸಿದರೆ ಕೋರ್ಸಿನ ಅಂಕಿ ಬಿಟ್ಟು 70 ಬರೆಯಬೇಕು. ಈ ನಿಯಮ ಗೊತ್ತಿಲ್ಲದೆ ಬರೀ ಕೋರ್ಸ್ ರೋಲ್ ಒಂದನ್ನೇ ಇಟ್ಟುಕೊಂಡು, ಎಲ್ಲ ಪೈಪಿಗೂ 60ರ ಆಸುಪಾಸು ಬರೆದ ರಿಜಿಸ್ಟರುಗಳಿವೆ. ಅದು ಪೈಪಿನ ಅಳತೆಯಲ್ಲ, ಫೋಮ್ ಎಷ್ಟು ದಪ್ಪವಿದೆಯೋ ಅದರ ಅಳತೆ.

ಇನ್ನು ಪ್ರೊಫೈಲಿನ ಆಳ ಅಳೆಯುವ ಸೂಜಿ ಗೇಜ್. ಚಪ್ಪಟೆ ತಳ ಮೊನೆಗಳ ಮೇಲೆ ಕೂರುತ್ತದೆ, ನಡುವಿನಿಂದ 60 ಡಿಗ್ರಿ ಕೋನದ ಸೂಜಿ ತಗ್ಗಿಗೆ ಇಳಿಯುತ್ತದೆ. ಗಾಜಿನ ಬಿಲ್ಲೆಯ ಮೇಲೆ ಸೊನ್ನೆ ಮಾಡಿ, ಗೊತ್ತಿರುವ ದಪ್ಪದ ಹಾಳೆಯಿಂದ ಪರೀಕ್ಷಿಸಿ ಶುರು ಮಾಡಬೇಕು. ಗಾಜಿಗೆ ಗೀರು ಬಿದ್ದಿದ್ದರೆ ಸೊನ್ನೆಯೇ ತಪ್ಪು. ಸೂಜಿ ಮೊಂಡಾದರೆ ಕಿರಿದಾದ ತಗ್ಗಿನ ತಳ ಮುಟ್ಟದೆ ಕಮ್ಮಿ ತೋರಿಸುತ್ತದೆ. ಗೇಜನ್ನು ಮೈ ಮೇಲೆ ಎಳೆಯಬಾರದು, ಪ್ರತಿ ಓದಿಗೂ ಎತ್ತಿ ಇಡಬೇಕು. ಪೈಪಿನ ಮೈ ಬಾಗಿರುವುದರಿಂದ ತಳ ಅಲುಗಾಡುತ್ತದೆ, ಪೈಪಿನ ಉದ್ದಕ್ಕೆ ಸರಿಯಾಗಿ ಹಿಡಿದರೂ ಪೂರ್ತಿ ನಂಬಿಕೆ ಬರುವುದಿಲ್ಲ. ಆದ್ದರಿಂದ ನಾವು ಇದನ್ನು ಚಪ್ಪಟೆ ಫ್ಲ್ಯಾಂಜ್ ಮತ್ತು ಗೇಟಿನ ತಗಡುಗಳಿಗೆ ಇಟ್ಟುಕೊಂಡು, ಪೈಪಿಗೆ ಟೇಪ್ ಬಳಸುತ್ತೇವೆ.

ತಲೆಬರಹದಲ್ಲಿ ಕೇಳಿದ ಪ್ರಶ್ನೆ ಹುಟ್ಟುವುದು ಇಲ್ಲೇ. ಒಂದು ಫ್ಲ್ಯಾಂಜಿನ ಮೇಲೆ ಅಂಗೈಯಗಲದ ಜಾಗದಲ್ಲಿ ಸೂಜಿ ಹತ್ತು ಸಲ ಹೀಗೆ ಓದಿತು ಅಂದುಕೊಳ್ಳಿ: 52, 68, 71, 44, 80, 63, 75, 58, 69, 77. ಸರಾಸರಿ 66 ಹತ್ತಿರ. ಅತಿ ಹೆಚ್ಚು 80. ಅದೇ ಜಾಗಕ್ಕೆ ಟೇಪ್ ಹಾಕಿದರೆ 76 ಬರುವುದು ಸಹಜ. ಮಿತಿ 50–75. ಸರಾಸರಿ ಲೆಕ್ಕದಲ್ಲಿ ಪಾಸ್, ಗರಿಷ್ಠದ ಲೆಕ್ಕದಲ್ಲಿ ಫೇಲ್, ಟೇಪಿನಲ್ಲಿ ಒಂದು ಮೈಕ್ರಾನಿನಿಂದ ಫೇಲ್. ಮೂರರಲ್ಲಿ ಯಾವ ಲೆಕ್ಕವೂ ಸುಳ್ಳು ಹೇಳಿಲ್ಲ. ಸೂಜಿ ಒಂದೊಂದು ಬಿಂದುವನ್ನು ಮುಟ್ಟುತ್ತದೆ, ಅದು ಇಳಿದ ಜಾಗ ಆಳದ ತಗ್ಗೇ ಆಗಿರಬೇಕೆಂದಿಲ್ಲ. ಟೇಪ್ ಕಿಟಕಿಯಷ್ಟಗಲದ ಎತ್ತರದ ಮೊನೆಗೂ ಆಳದ ತಗ್ಗಿಗೂ ನಡುವಿನ ಅಂತರವನ್ನು ಒಟ್ಟಿಗೆ ಹಿಡಿಯುತ್ತದೆ, ಹಾಗಾಗಿ ಅದು ಸೂಜಿಯ ಸರಾಸರಿಗಿಂತ ಸೂಜಿಯ ಗರಿಷ್ಠಕ್ಕೆ ಹತ್ತಿರ. ಎಎಸ್‌ಟಿಎಂ ಡಿ 4417ರಲ್ಲಿ ಕಂಪ್ಯಾರೇಟರ್, ಸೂಜಿ, ಟೇಪ್ ಮೂರಕ್ಕೂ ಬೇರೆ ಬೇರೆ ವಿಧಾನ ಬರೆದಿರುವುದು ಸುಮ್ಮನೆ ಅಲ್ಲ. ಟೆಂಡರಿನಲ್ಲಿ "ಪ್ರೊಫೈಲ್ 75 ಮೈಕ್ರಾನ್" ಎಂದಷ್ಟೇ ಇದ್ದರೆ, ಕೆಲಸ ಶುರುವಾಗುವ ಮೊದಲೇ ಯಾವ ವಿಧಾನ, ಸರಾಸರಿಯೋ ಗರಿಷ್ಠವೋ, ಒಂದು ಜಾಗಕ್ಕೆ ಎಷ್ಟು ಓದು ಎಂದು ಎರಡೂ ಕಡೆಯವರು ಕೂತು ಬರೆದುಕೊಳ್ಳಬೇಕು. ಪೈಪು ಬ್ಲಾಸ್ಟ್ ಆದ ಮೇಲೆ ಈ ಮಾತು ಎತ್ತಿದರೆ ಜಗಳ ಆಗುತ್ತದೆ, ಅಷ್ಟರಲ್ಲಿ ಪೈಪು ತುಕ್ಕು ಹಿಡಿಯುತ್ತದೆ.

ಶಿವಮೊಗ್ಗದಲ್ಲಿ ಫೌಂಡ್ರಿಗಳೂ ಮಷಿನ್ ಶಾಪುಗಳೂ ಬಹಳ. ಅಲ್ಲಿಂದ ಯಾರಾದರೂ ಸ್ಟೈಲಸ್ ರಫ್‌ನೆಸ್ ಟೆಸ್ಟರ್ ತಂದು ಹಚ್ಚಿ "12 ಇದೆ ಸಾರ್, 75 ಎಲ್ಲಿ?" ಅನ್ನುವುದುಂಟು. ಅವರು ಓದಿದ್ದು ಆರ್‌ಎ, ಅಂದರೆ ನಡುಗೆರೆಯಿಂದ ಏರುತಗ್ಗುಗಳ ಸರಾಸರಿ ದೂರ. ನಮಗೆ ಬೇಕಾದದ್ದು ಮೊನೆಯಿಂದ ತಳದ ಎತ್ತರ, ಅದಕ್ಕೆ ಹತ್ತಿರದ್ದು ಆರ್‌ಝಡ್. ಬ್ಲಾಸ್ಟ್ ಆದ ಮೈಯಲ್ಲಿ ಆರ್‌ಝಡ್ ಅಂಕಿ ಆರ್‌ಎಗಿಂತ ಹಲವು ಪಟ್ಟು ದೊಡ್ಡದು. ಅದೇ ಟೆಸ್ಟರಿನಲ್ಲಿ ಮೊನೆಗಳ ಎಣಿಕೆ, ಅಂದರೆ ಪೀಕ್ ಕೌಂಟ್, ಸಿಗುವುದಾದರೆ ಅದನ್ನು ಖಂಡಿತ ಬರೆದುಕೊಳ್ಳಿ. ಒಂದೇ 75ರಲ್ಲಿ ಸೆಂಟಿಮೀಟರಿಗೆ ಮೊನೆ ಒತ್ತೊತ್ತಾಗಿರುವ ಮೈಗೂ ವಿರಳವಾಗಿರುವ ಮೈಗೂ ಬಣ್ಣದ ಹಿಡಿತ ಬೇರೆ. ಟೇಪಾಗಲಿ ಸೂಜಿಯಾಗಲಿ ಹೇಳುವ ಎತ್ತರದ ಅಂಕಿಯಲ್ಲಿ ಈ ವಿಷಯ ಕಾಣುವುದಿಲ್ಲ.

ಎಲ್ಲಿ ಅಳೆಯಬೇಕು ಎನ್ನುವುದಕ್ಕೆ ನಮ್ಮ ರೂಢಿ: ಒಂದು ಶಿಫ್ಟಿನಲ್ಲಿ ಒಂದು ಪಾಟಿನ ಕೆಲಸಕ್ಕೆ ಕನಿಷ್ಠ ಮೂರು ಜಾಗ, ಜಾಗಕ್ಕೆ ಎರಡು ಟೇಪ್. ಜಾಗ ಆರಿಸುವವನು ಬ್ಲಾಸ್ಟರ್ ಆಗಿರಬಾರದು. ಕೈಗೆ ಸಲೀಸಾಗಿ ಸಿಗುವ ಎದೆಯೆತ್ತರದ ಜಾಗದಲ್ಲಿ ಪ್ರೊಫೈಲ್ ಯಾವಾಗಲೂ ಚೆನ್ನಾಗಿರುತ್ತದೆ, ಬ್ಲಾಸ್ಟರಿಗೂ ಅಲ್ಲಿ ಸಲೀಸು. ಪೈಪಿನ ಹೊಟ್ಟೆಯ ಅಡಿಭಾಗ, ವೆಲ್ಡಿನ ಪಕ್ಕದ ಎರಡು ಬೆರಳಗಲ, ರಿಂಗ್ ಸ್ಟಿಫ್‌ನರಿನ ಹಿಂಬದಿ, ಒಳಗೆ ಗ್ರಿಟ್ ಗುಡ್ಡೆ ಬೀಳುವ ತಳ ಇವುಗಳಲ್ಲಿ ಒಂದಾದರೂ ಸೇರಲೇಬೇಕು. ಹಳೆಯ ತುಕ್ಕು ಕೊರೆದ ಗುಳಿಗಳ ಒಳಗೆ ಅಳೆಯಬೇಡಿ. ಗುಳಿಯ ಆಳ ಪ್ರೊಫೈಲ್ ಅಲ್ಲ, ಎರಡು ಗುಳಿಗಳ ನಡುವಿನ ಗಟ್ಟಿ ಮೈ ಮೇಲೆ ಟೇಪ್ ಹಾಕಿ. ಜಾಗ ಗುರುತಿಸಲು ಸೀಮೆಸುಣ್ಣವಾಗಲಿ ಮಾರ್ಕರ್ ಆಗಲಿ ಬೇಡ, ಅದೂ ಬಣ್ಣದಡಿ ಸಿಕ್ಕಿಕೊಳ್ಳುವ ಕೊಳೆಯೇ. ಪೈಪಿನ ತುದಿಯಿಂದ ಎಷ್ಟು ಮೀಟರ್, ಗಡಿಯಾರದ ಎಷ್ಟು ಗಂಟೆಯ ದಿಕ್ಕು ಎಂದು ಬರೆದುಕೊಂಡರೆ ಸಾಕು.

ಕಮ್ಮಿ ಬಂದರೆ ದಾರಿ ಇದೆ: ಒತ್ತಡ, ನಾಝಲ್, ಗ್ರಿಟ್ ಸರಿಮಾಡಿ ಮತ್ತೆ ಹೊಡೆಯಬಹುದು. ಹೆಚ್ಚು ಬಂದರೆ ಮತ್ತೆ ಬ್ಲಾಸ್ಟ್ ಮಾಡಿ ಇಳಿಸುತ್ತೇನೆ ಅನ್ನುವುದು ಆಗದ ಮಾತು. ಸಣ್ಣ ಗ್ರಿಟ್ ಹೊಡೆದರೆ ಮೊನೆಗಳ ತುದಿ ತುಸು ಕುಗ್ಗಬಹುದು, ಆಳ ತುಂಬುವುದಿಲ್ಲ. ಆಗ ಬಣ್ಣದ ಕಂಪನಿಯನ್ನು ಕೇಳಿ ಪ್ರೈಮರಿನ ದಪ್ಪ ಏರಿಸುವುದೊಂದೇ ಉಳಿಯುವ ದಾರಿ. ಆದ್ದರಿಂದಲೇ ಪ್ರತಿ ಹೊಸ ಗ್ರಿಟ್ ಲಾಟಿಗೆ ಅದೇ ಉಕ್ಕಿನ ಒಂದು ತುಂಡು ತಗಡನ್ನು ಮೊದಲು ಬ್ಲಾಸ್ಟ್ ಮಾಡಿ, ಅಳೆದು, ಆಮೇಲೆ ಪೈಪಿಗೆ ಹೋಗುವುದು. ಇನ್ನೊಂದು ಕೆಟ್ಟ ಪರಿಸ್ಥಿತಿ ಅಂಕಿಯಲ್ಲಿ ಕಾಣುವುದೇ ಇಲ್ಲ. ಗ್ರಿಟ್ ಗುಂಡಗಾಗಿ, ಅಥವಾ ಹಾಪರಿನಲ್ಲಿ ಹಳೆಯ ಶಾಟ್ ಉಳಿದು ಬೆರೆತು, ಮೈ ಬಟ್ಟಲು ಬಟ್ಟಲಾಗಿದ್ದರೂ ಟೇಪ್ 70 ತೋರಿಸಬಹುದು. ಅದಕ್ಕೇ ಟೇಪ್ ಇದ್ದರೂ ಭೂತಗನ್ನಡಿ ಬೇಕು. ಹಾಗೆ ಬಡಿಸಿಕೊಂಡ ಮೈ ಗಡಸಾಗಿಬಿಡುವುದರಿಂದ ಅದರ ಮೇಲೆ ಮತ್ತೆ ಚೂಪು ಮೊನೆ ಎಬ್ಬಿಸಲು ಹೆಚ್ಚು ಶ್ರಮ ಬೇಕಾಗುತ್ತದೆ.

ಇಷ್ಟೆಲ್ಲ ಅಳೆಯುವಾಗ ಹೊತ್ತು ಓಡುತ್ತಿರುತ್ತದೆ. ಬಯಲುಸೀಮೆಯಲ್ಲಿ ಬರಿ ಉಕ್ಕು ಅರ್ಧ ದಿನ ತಡೆದೀತು, ಮಲೆನಾಡಿನಲ್ಲಿ ಆ ಸಡಿಲ ಇಲ್ಲ. ನಿಯಮ ಒಂದೇ: ಉಕ್ಕಿನ ಮೈ ಇಬ್ಬನಿ ಬಿಂದುವಿಗಿಂತ (ಗಾಳಿಯ ಆವಿ ನೀರಾಗಿ ಕೂರತೊಡಗುವ ಉಷ್ಣತೆ) ಕನಿಷ್ಠ 3 ಡಿಗ್ರಿ ಬಿಸಿ ಇರಬೇಕು. ಏಪ್ರಿಲ್ ಕೊನೆಯಲ್ಲಿ ಹೂಮಳೆ ಬಂದು ನಿಂತ ಸಂಜೆ ಬೀಸುವ ಹೈಗ್ರೋಮೀಟರಿನಲ್ಲಿ ಒಣ ಬಲ್ಬ್ 24, ಒದ್ದೆ ಬಲ್ಬ್ 22.5 ಇದ್ದರೆ ತೇವಾಂಶ ಶೇಕಡಾ 88, ಇಬ್ಬನಿ ಬಿಂದು ಸುಮಾರು 22. ಪೈಪಿನ ಮೈಯೂ 24 ಇದ್ದರೆ ಅಂತರ ಎರಡೇ ಡಿಗ್ರಿ, ಕೆಲಸ ನಿಲ್ಲಿಸಬೇಕು. ಚಳಿಗಾಲದ ಬೆಳಿಗ್ಗೆ ಇನ್ನೂ ಮೋಸ. ಗಾಳಿ 20, ಇಬ್ಬನಿ ಬಿಂದು 18, ರಾತ್ರಿ ಹೊರಗೆ ಬಿದ್ದಿದ್ದ ಪೈಪಿನ ಮೈ 17. ಕಣ್ಣಿಗೆ ಒಣಗಿದಂತೆಯೇ ಕಾಣುತ್ತದೆ, ಮೈ ಮೇಲೆ ತೆಳು ನೀರಿನ ಪೊರೆ ಇರುತ್ತದೆ. ಅದರ ಮೇಲೆ ಟೇಪ್ ಅಂಟುವುದೂ ಇಲ್ಲ, ಪ್ರೈಮರ್ ಹಿಡಿಯುವುದೂ ಇಲ್ಲ. ಮಂಜು ಕರಗಿ ಬಿಸಿಲು ಬಿದ್ದು ಪೈಪು ಬೆಚ್ಚಗಾಗುವ ತನಕ, ಸುಮಾರು ಹತ್ತು ಗಂಟೆಯ ತನಕ, ನಾವು ಬ್ಲಾಸ್ಟಿಂಗಿಗೆ ಇಳಿಯುವುದೇ ಇಲ್ಲ. ಅವತ್ತು ಪ್ರೈಮರ್ ಹೊಡೆಯಲು ಆಗುವಷ್ಟನ್ನೇ ಅವತ್ತು ಬ್ಲಾಸ್ಟ್ ಮಾಡುತ್ತೇವೆ. ಮೈ ಶುಂಠಿ ಬಣ್ಣಕ್ಕೆ ತಿರುಗಿದರೆ ಹಗುರಾಗಿ ಮತ್ತೊಮ್ಮೆ ಹೊಡೆಯಬೇಕು, ಹೊಡೆದ ಮೇಲೆ ಪ್ರೊಫೈಲನ್ನು ಮತ್ತೊಮ್ಮೆ ಅಳೆಯಬೇಕು. ಹಳೆಯ ಅಂಕಿ ಹಳೆಯ ಮೈಯದು.

ಪ್ರೈಮರ್ ಬಿದ್ದ ಮೇಲೂ ಪ್ರೊಫೈಲ್ ಲೆಕ್ಕ ಮುಗಿಯುವುದಿಲ್ಲ. ನುಣುಪು ಉಕ್ಕಿನ ಮೇಲೆ ಸೊನ್ನೆ ಮಾಡಿದ, ಒಣಗಿದ ಬಣ್ಣದ ದಪ್ಪ ಅಳೆಯುವ ಡಿಎಫ್‌ಟಿ ಗೇಜ್ ಬ್ಲಾಸ್ಟ್ ಆದ ಮೈಯಲ್ಲಿ ಮೊನೆಗಳ ತುದಿಯಿಂದ ಅಳೆಯುವುದಿಲ್ಲ, ಅದರ ಕಾಂತ ಹಿಡಿಯುವ ಮಟ್ಟ ಮೊನೆಗಳಿಗಿಂತ ಕೆಳಗಿರುತ್ತದೆ. ಹಾಗಾಗಿ ಬಣ್ಣ ಇರುವುದಕ್ಕಿಂತ ದಪ್ಪ ತೋರುತ್ತದೆ. ಐಎಸ್‌ಒ 19840 ಇದಕ್ಕೆ ಕಳೆಯಬೇಕಾದ ಅಂಕಿ ಕೊಟ್ಟಿದೆ: ಫೈನ್ ಮೈಗೆ 10, ಮೀಡಿಯಂಗೆ 25, ಕೋರ್ಸಿಗೆ 40. ನಮ್ಮ ಹೊರಮೈ 65 ಪ್ರೊಫೈಲ್ ಇದ್ದು ಮೀಡಿಯಂ ಅನ್ನಿ. ಗೇಜ್ 60 ತೋರಿಸಿದರೆ ಮೊನೆಗಳ ಮೇಲೆ ನಿಜವಾಗಿ ಇರುವುದು 35. ಇದನ್ನು ಕಳೆಯದೆ "60 ಸರಿಯಾಯ್ತು" ಎಂದು ಸಹಿ ಹಾಕಿದ ಪೈಪುಗಳೇ ಮುಂದೆ ಚುಕ್ಕೆ ತುಕ್ಕಿನ ದೂರಿಗೆ ಬರುವುದು. ಪ್ರೈಮರ್ ಹೊಡೆಯುವ ಮೊದಲೇ ಬರಿ ಮೈ ಮೇಲೆ ಅದೇ ಡಿಎಫ್‌ಟಿ ಗೇಜಿನಿಂದ ಹತ್ತು ಓದು ತೆಗೆದು ಸರಾಸರಿ ಬರೆದಿಟ್ಟುಕೊಂಡು, ಆಮೇಲೆ ಅದನ್ನೇ ಕಳೆಯುವುದು ಇನ್ನೂ ನಿಖರ.

ಹಿಡಿತದ ಪರೀಕ್ಷೆ ಕೊನೆಗೆ, ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ. 20 ಮಿ.ಮೀ.ನ ಅಲ್ಯೂಮಿನಿಯಂ ಬಿಲ್ಲೆಯನ್ನು (ಡಾಲಿ) ಬಣ್ಣದ ಮೇಲೆ ಎಪಾಕ್ಸಿ ಅಂಟಿನಿಂದ ಕೂರಿಸಿ, ಗಟ್ಟಿಯಾದ ಮೇಲೆ ಪುಲ್-ಆಫ್ ಯಂತ್ರದಿಂದ ಎಳೆದು ಕೀಳುತ್ತೇವೆ. ಮೀಟರಿನ ಅಂಕಿಗಿಂತ ಮೊದಲು ಡಾಲಿಯ ಮುಖ ತಿರುಗಿಸಿ ನೋಡಬೇಕು. ಅಂಟೇ ಬಿಟ್ಟಿದ್ದರೆ ಆ ಪರೀಕ್ಷೆ ಬಣ್ಣದ ಬಗ್ಗೆ ಏನೂ ಹೇಳಲಿಲ್ಲ. ಬಣ್ಣದ ಪದರವೇ ನಡುವೆ ಹರಿದಿದ್ದರೆ ಉಕ್ಕಿನ ಹಿಡಿತ ಅದಕ್ಕಿಂತ ಗಟ್ಟಿ. ಪ್ರೈಮರ್ ಪೂರ್ತಿ ಎದ್ದು ಬಂದು ಕೆಳಗೆ ಬೂದು ಉಕ್ಕು ಮಿನುಗಿದರೆ, ಅಂಕಿ ಎಷ್ಟೇ ಇರಲಿ, ಆ ಪೈಪಿನ ಟೇಪುಗಳನ್ನು ರಿಜಿಸ್ಟರಿನಿಂದ ಹುಡುಕಿ ತೆಗೆಯುತ್ತೇವೆ. ಟೇಪನ್ನು ಹಾಳೆಗೆ ಅಂಟಿಸಿಟ್ಟರೆ ಅಚ್ಚು ಹಾಗೇ ಉಳಿಯುತ್ತದೆ, ವರ್ಷ ಕಳೆದ ಮೇಲೂ ಮತ್ತೆ ಅಳೆಯಬಹುದು. ಅದರ ಮೇಲೆ ಭಾರ ಹೇರಬಾರದು, ಅಷ್ಟೆ.

ಪೈಪಿನ ಎರಡು ತುದಿಯ 150 ಮಿ.ಮೀ. ಬಣ್ಣವಿಲ್ಲದೆ ಬಿಟ್ಟಿರುತ್ತೇವೆ, ಸೈಟಿನಲ್ಲಿ ವೆಲ್ಡ್ ಆಗಲು. ಇಡೀ ಲೈನಿನಲ್ಲಿ ಪ್ರೊಫೈಲ್ ಕಮ್ಮಿ ಬರುವುದು ಅಲ್ಲಿಯೇ. ತೀರ್ಥಹಳ್ಳಿ, ಹೊಸನಗರದ ಕಡೆಯ ಇಳಿಜಾರಿನಲ್ಲಿ ಕಂಪ್ರೆಸರ್ ರಸ್ತೆಯ ಮೇಲೆ ನಿಂತಿರುತ್ತದೆ, ಜಾಯಿಂಟ್ ಅರವತ್ತು ಮೀಟರ್ ಕೆಳಗೆ. ಅಷ್ಟುದ್ದದ ಹೋಸಿನಲ್ಲಿ ಒತ್ತಡ ಸೋತು ನಾಝಲ್ಲಿಗೆ ಬರುವಾಗ 4 ಬಾರ್ ಕೂಡ ಇರುವುದಿಲ್ಲ, ಟೇಪ್ 40 ತೋರಿಸುತ್ತದೆ. ಪಾಟನ್ನು ಕೆಳಗಿಳಿಸಿ ಜಾಯಿಂಟಿನ ಹತ್ತಿರ ಇಡಿ. ಮೇಲಿನಿಂದ ಪಾಟಿನ ತನಕ ಬರೀ ಗಾಳಿಯ ಹೋಸ್, ಅದೂ ದೊಡ್ಡ ಬಾಯಿಯದು. ಪಾಟಿನಿಂದ ನಾಝಲ್ಲಿಗೆ ಗ್ರಿಟ್ಟಿನ ಹೋಸ್ ಆದಷ್ಟು ಗಿಡ್ಡವಿರಲಿ. ಸೆಪರೇಟರನ್ನೂ ಪಾಟಿನ ಪಕ್ಕಕ್ಕೇ ತನ್ನಿ, ಅರವತ್ತು ಮೀಟರ್ ಬರುವಷ್ಟರಲ್ಲಿ ಗಾಳಿ ಇನ್ನಷ್ಟು ತಣಿದು ಮತ್ತೆ ನೀರು ಬಿಟ್ಟಿರುತ್ತದೆ. ಜಾಯಿಂಟಿನ ಮೇಲೆ ಟಾರ್ಪಾಲು ಕಟ್ಟಿ, ಪ್ರತಿ ಜಾಯಿಂಟಿನ ಮೇಲ್ಭಾಗಕ್ಕೆ ಒಂದು, ಅಡಿಭಾಗಕ್ಕೆ ಒಂದು ಟೇಪ್ ಹಾಕಿ. ಅಡಿಭಾಗದ್ದನ್ನು ತೆಗೆಯಲು ಪೈಪಿನ ಕೆಳಗೆ ಮಲಗಿಯೇ ಹೋಗಬೇಕಾಗುತ್ತದೆ. ಗುಂಡಿ ತೋಡುವಾಗಲೇ ಅಲ್ಲಿ ಒಬ್ಬ ಮಲಗುವಷ್ಟು ಜಾಗ ಬಿಡಿಸಿಟ್ಟುಕೊಳ್ಳಿ.